ಮಾಡಿದವನೇ ನುಡಿಸುವ ವಾದ್ಯ

ವಸ್ತುವನ್ನು ಮಾಡುವವನೊಬ್ಬನು, ಮಾರುವವನು ಇನ್ನೊಬ್ಬನು, ಕೊಂಡು ಬಳಸುವವನು ಮತ್ತೊಬ್ಬನು ಆಗಿರುವ ಕಡೆಯಲ್ಲಿ ಸಾಚಾತನವೆಂದರೇನೆಂಬುದು ಎಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ತೂಕದಲ್ಲಿ ಮೋಸವಿರಬಾರದು, ಹುಳುಕು ಮರವನ್ನು ಬಣ್ಣದಿಂದ ಮುಚ್ಚಿ ಮಾರಬಾರದು, ಒಪ್ಪಿಕೊಂಡ ದಿನಕ್ಕೆ ಒಪ್ಪಿಸಬೇಕು. ನೀತಿಗ್ರಂಥಗಳೂ ನ್ಯಾಯಸ್ಥಾನಗಳೂ ಈ ವಿಷಯವಾಗಿ ಬೇಕಾದಷ್ಟು ಹೇಳಿವೆ. ಆದರೆ ಮಾಡುವವನೂ ಬಳಸುವವನೂ ಒಬ್ಬನೇ ಆದಲ್ಲಿ ಮೋಸಹೋಗತಕ್ಕವನು ಯಾರು? ತನ್ನ ಮನೆಯ ಹಿತ್ತಲಿನಲ್ಲಿ ಕುಳಿತು ತನ್ನ ಕೈಗೆಂದೇ ಒಂದು ಪದಾರ್ಥವನ್ನು ಮಾಡಿಕೊಳ್ಳುವವನು ಅದರ ಕಾಣದ ಭಾಗವನ್ನು ಒರಟಾಗಿಯೇ ಬಿಟ್ಟರೆ ತಪ್ಪೇನು? ಅದನ್ನೂ ನಯವಾಗಿ ಮುಗಿಸಿದರೆ ಅದರಲ್ಲಿ ಹೆಚ್ಚುಗಾರಿಕೆಯೇನು? ಈ ಪ್ರಶ್ನೆಯನ್ನು ಒಂದು ವಾದ್ಯದ ನಿಮಿತ್ತದಿಂದ ವಿಚಾರಮಾಡುವುದು ನಮ್ಮ ಉದ್ದೇಶ.

ಆ ವಾದ್ಯವು ಹುಟ್ಟಿನಿಂದ ನಮ್ಮ ನಾಡಿನದಲ್ಲ. ಬೇಸ್ ಗಿಟಾರ್ ಎಂಬ ಹೆಸರಿನಿಂದ ಅದು ಈಗ ನಮ್ಮ ಹಳ್ಳಿಗಳಲ್ಲಿಯೂ ಪರಿಚಿತವಾಗಿದೆ. ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯಲ್ಲಿ ಜಾತ್ರೆಗೂ ಗಣೇಶೋತ್ಸವಕ್ಕೂ ಕಟ್ಟುವ ಆರ್ಕೆಸ್ಟ್ರಾ ವೇದಿಕೆಗಳಲ್ಲಿ, ಹಾಡುವವರ ಹಿಂದೆ, ದೀಪದ ಬೆಳಕು ಅಷ್ಟಾಗಿ ಬೀಳದ ಮೂಲೆಯಲ್ಲಿ, ಉದ್ದವಾದ ದಂಡಿಯೂ ನಾಲ್ಕು ದಪ್ಪ ತಂತಿಗಳೂ ಉಳ್ಳ ವಾದ್ಯವನ್ನು ಹೆಗಲಿಗೆ ತೂಗಿಕೊಂಡು ನಿಂತಿರುವ ಒಬ್ಬನನ್ನು ವಾಚಕರು ಕಂಡಿರಬಹುದು. ಅದರ ಕೆಳಗಿನ ತಂತಿಯು ಒಂದು ಸೆಕೆಂಡಿಗೆ ಸುಮಾರು ೪೧ ಸಲ ಮಾತ್ರ ಕಂಪಿಸುವುದು. ಮನುಷ್ಯನ ಕೊರಳು ಅಷ್ಟು ತಗ್ಗಿಗೆ ಇಳಿಯುವುದು ವಿರಳ. ಕೇಳುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಅದನ್ನು ಗಮನಿಸುವುದೇ ಇಲ್ಲ. ಅದು ನಿಂತುಹೋದಾಗ ಮಾತ್ರ ಹಾಡಿನ ಕೆಳಗಿದ್ದ ನೆಲವೇ ಜಾರಿದಂತಾಗಿ ಏನೋ ಕೊರತೆಯಾಯಿತೆಂದು ತಿರುಗಿ ನೋಡುವರು. ನಮ್ಮ ಸಂಗೀತದಲ್ಲಿ ತಂಬೂರಿಯ ಶ್ರುತಿಗೆ ಇರುವ ಸ್ಥಾನಕ್ಕೆ ಇದು ಪೂರ್ತಿಯಾಗಿ ಸಮವಲ್ಲವಾದರೂ, ಮರೆಯಲ್ಲಿದ್ದು ಆಧಾರವಾಗುವ ಗುಣದಲ್ಲಿ ಎರಡೂ ಒಂದೇ ಜಾತಿಗೆ ಸೇರಿದವು.

ಇದರ ಇಂದಿನ ರೂಪವು ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಲಿಯೋ ಫೆಂಡರ್ ಎಂಬಾತನಿಂದ ೧೯೫೧ರಲ್ಲಿ ಮಾರುಕಟ್ಟೆಗೆ ಬಂದಿತು. ಮೆಟ್ಟಿಲುಗಳಿರುವುದರಿಂದ ಸ್ವರವು ನಿಖರವಾಗಿ ನಿಲ್ಲುವುದೆಂಬ ಅರ್ಥದಲ್ಲಿ ಅವನು ಅದಕ್ಕೆ ‘ಪ್ರಿಸಿಷನ್’ ಎಂದು ಹೆಸರಿಟ್ಟನು. ಆಶ್ಚರ್ಯದ ಮಾತೆಂದರೆ, ಲೋಕವೆಲ್ಲ ನುಡಿಸುವ ವಾದ್ಯಗಳನ್ನು ರೂಪಿಸಿದ ಆ ಫೆಂಡರನಿಗೆ ಗಿಟಾರನ್ನು ನುಡಿಸಲು ಬರುತ್ತಿರಲಿಲ್ಲ. ವಾದಕರು ಬಂದು ಹೇಳಿದ ದೂರುಗಳನ್ನು ಕೇಳಿಕೊಂಡೇ ಅವನು ತಿದ್ದುತ್ತಿದ್ದನು. ನಾವು ಎತ್ತಿಕೊಂಡಿರುವ ಪ್ರಶ್ನೆಗೆ ಅವನು ಎದುರು ದಡದಲ್ಲಿ ನಿಂತಿರುವ ಉದಾಹರಣೆ. ಮಾಡಿದವನಿಗೆ ನುಡಿಸಲು ಬಾರದು. ನುಡಿಸಿದವರಿಗೆ ಮಾಡಲು ಬಾರದು. ಆದರೂ ಕೆಲಸವು ಕೆಡಲಿಲ್ಲ.

ಈ ದಡಕ್ಕೆ ಬರೋಣ. ಬಿರಡೆ, ತಂತಿ, ತಾಮ್ರದ ಸುರುಳಿಗಳು ಅಂಚೆಯ ಮೂಲಕ ಮನೆಬಾಗಿಲಿಗೆ ಬರುವ ಈ ಕಾಲದಲ್ಲಿ ಚಳ್ಳಕೆರೆಯ ಒಬ್ಬ ಯುವಕನು ಅಂಗಡಿಯ ವಾದ್ಯವನ್ನು ಕೊಳ್ಳದೆ, ತನ್ನ ಕೈಯಳತೆಗೂ ತನ್ನ ಕಿವಿಗೂ ಒಪ್ಪುವ ಬೇಸ್ ಗಿಟಾರನ್ನು ಮನೆಯಲ್ಲಿಯೇ ಮಾಡಿಕೊಳ್ಳಲು ಹೊರಟನೆಂದು ಇಟ್ಟುಕೊಳ್ಳೋಣ. ಇದು ಹೊಸಗಾಲದ ಹುಚ್ಚೆಂದು ಹಿರಿಯರು ನಗಬಹುದು. ಹಾಗೆ ನಗುವುದಕ್ಕೆ ಕಾರಣವಿಲ್ಲ. ತತ್ತ್ವಪದ ಹಾಡುವವರು ಒಣಗಿದ ಸೋರೆಬುರುಡೆಗೆ ಬಿದಿರನ್ನು ಸಿಕ್ಕಿಸಿ, ಒಂದೇ ತಂತಿಯನ್ನು ಬಿಗಿದು, ಏಕತಾರಿಯನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಿದ್ದುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹನ್ನೆರಡನೆಯ ಶತಮಾನದ ಶರಣರೊಬ್ಬರ ಹೆಸರಿಗೆ ವಾದ್ಯವೇ ವಿಶೇಷಣವಾಗಿ, ಕಿನ್ನರಿ ಬೊಮ್ಮಯ್ಯನೆಂದು ಅವರು ಪ್ರಸಿದ್ಧರಾಗಿದ್ದಾರೆ. ವಾದ್ಯವೂ ಮನುಷ್ಯನೂ ಬೇರೆಬೇರೆಯಾಗಿ ತೋರದ ಸ್ಥಿತಿಯೊಂದು ಉಂಟೆಂಬುದನ್ನು ನಮ್ಮ ಜನರು ಚೆನ್ನಾಗಿಯೇ ಬಲ್ಲರು.

ಪ್ರಶ್ನೆಯು ತಿಳಿಯಾಗಬೇಕಾದರೆ ದೂರ ಹೋಗಬೇಕಾಗಿಲ್ಲ. ಈ ಎರಡು ತಾಲ್ಲೂಕುಗಳಲ್ಲಿಯೇ ಎರಡು ಬಗೆಯ ಕೈಕೆಲಸಗಳು ಅಕ್ಕಪಕ್ಕದಲ್ಲಿ ಬೆಳೆದಿವೆ. ಚಳ್ಳಕೆರೆಯ ಕಂಬಳಿಯೊಂದು, ಮೊಳಕಾಲ್ಮೂರಿನ ರೇಷ್ಮೆಯ ಸೀರೆಯೊಂದು. ಕಂಬಳಿಯ ಉಣ್ಣೆಯು ಸೀಮೆಯ ಕುರಿಯದು. ಕತ್ತರಿಸುವವರು, ನೂಲುವವರು, ನೇಯುವವರು ಬಹುಮಟ್ಟಿಗೆ ಒಂದೇ ಜನ. ಹುಣಸೆಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಹಾಸಿನ ನೂಲಿಗೆ ಬಳಿದು ಬಿಸಿಲಿಗೆ ಒಡ್ಡಿ ಗಟ್ಟಿಮಾಡಿಕೊಳ್ಳುವರು. ನೇಯ್ದವನು ಒಂದು ಕಂಬಳಿಯನ್ನು ಸಂತೆಗೆ ಒಯ್ದರೆ ಇನ್ನೊಂದನ್ನು ತಾನು ಹೊದೆಯುವನು. ಮಳೆಗೆ ಅದೇ ಕೊಪ್ಪೆ, ಚಳಿಗೆ ಅದೇ ಹೊದಿಕೆ, ಗುರುಹಿರಿಯರು ಬಂದಾಗ ಅದೇ ಗದ್ದುಗೆ. ಎಳೆ ಸಡಿಲವಾಗಿದ್ದರೆ ಮಾರ್ಗಶಿರದ ಗಾಳಿಯು ಅವನ ಬೆನ್ನಿಗೇ ಅದನ್ನು ತಿಳಿಸುವುದು.

ಸೀರೆಯ ಸಂಗತಿ ಬೇರೆ. ಒಡಲಿಗೊಂದು, ಎರಡು ಅಂಚುಗಳಿಗೆ ಎರಡು, ಹೀಗೆ ಮೂರು ಲಾಳಿಗಳನ್ನು ಆಡಿಸುತ್ತ, ಒಡಲಿನ ಬಣ್ಣವು ಅಂಚಿಗೆ ನುಗ್ಗದಂತೆಯೂ ಅಂಚಿನದು ಒಡಲಿಗೆ ಸೋರದಂತೆಯೂ ಎಳೆಗೆ ಎಳೆಯನ್ನು ಸಿಕ್ಕಿಸುತ್ತ ಕುಣಿಯ ಮಗ್ಗದಲ್ಲಿ ಕುಳಿತ ನೇಕಾರನು ಆ ಸೀರೆಯನ್ನು ಉಡುವವನಲ್ಲ. ಅನೇಕ ವೇಳೆ ಅವನ ಮನೆಯ ಹೆಣ್ಣುಮಕ್ಕಳೂ ಅದನ್ನು ಉಡುವ ಸ್ಥಿತಿಯಲ್ಲಿಲ್ಲ. ಯಾವ ಊರಿನ ಯಾವ ಮದುವೆಗೆ ಅದು ಹೋಗುವುದೆಂಬುದೂ ಅವನಿಗೆ ತಿಳಿಯದು. ಈಗ ಅದಕ್ಕೆ ಭೌಗೋಳಿಕ ಗುರುತಿನ ಕಾನೂನು ರಕ್ಷಣೆಯು ದೊರೆತು ಊರಿನ ಹೆಸರು ಉಳಿದಿದೆ. ನೇಯ್ದವನ ಹೆಸರಂತೂ ಸೀರೆಯ ಯಾವ ಮೂಲೆಯಲ್ಲಿಯೂ ಇರುವುದಿಲ್ಲ.

ವಾದ್ಯವನ್ನು ತನಗಾಗಿ ಮಾಡಿಕೊಳ್ಳುವ ನಮ್ಮ ಯುವಕನು ಕಂಬಳಿಯವನ ಬಳಗಕ್ಕೆ ಸೇರಿದವನೆಂದು ಮೊದಲ ನೋಟಕ್ಕೆ ತೋರುವುದು. ಆದರೆ ಕಂಬಳಿಯವನಿಗೆ ಬೇರೆ ಹೊದಿಕೆಯಿರಲಿಲ್ಲ. ಈತನಿಗೆ ಅಂಗಡಿಯಲ್ಲಿ ವಾದ್ಯವು ಸಿದ್ಧವಾಗಿಯೇ ಇದೆ. ಈ ವಿಷಯದಲ್ಲಿ ಮಿತ್ರರೊಬ್ಬರು ನಮ್ಮೊಡನೆ ವಾದಿಸುತ್ತ, “ಇದೇನು ಸ್ವಾಮಿ, ಹೊತ್ತು ಹೋಗದವರ ಆಟ. ಅಂಗಡಿಯಲ್ಲಿ ಕೊಂಡರೆ ಕಾರ್ಖಾನೆಯ ಕೂಲಿಯವನಿಗೆ ಅನ್ನ. ಬಡಗಿಗೆ ಹೇಳಿ ಮಾಡಿಸಿದರೆ ನಮ್ಮೂರ ಬಡಗಿಗೆ ಅನ್ನ. ತಾನೇ ಮಾಡಿಕೊಂಡರೆ ಯಾರಿಗೆ ಏನು ಬಂತು?” ಎಂದರು. ಈ ಆಕ್ಷೇಪಣೆಯನ್ನು ಹಗುರಾಗಿ ತಳ್ಳಿಬಿಡಲಾಗದು. ಹಣ ಉಳಿಯುವುದೆಂಬ ಉತ್ತರವಂತೂ ಸಲ್ಲದು. ಏಕೆಂದರೆ ಅದು ನಿಜವಲ್ಲ. ಬಿರಡೆಗಳು, ಕುದುರೆ, ಅಯಸ್ಕಾಂತ, ತಂತಿ, ದಂಡಿಯೊಳಗೆ ಹುದುಗಿಸುವ ಉಕ್ಕಿನ ಸರಳು, ಇವುಗಳನ್ನೆಲ್ಲ ಬಿಡಿಯಾಗಿ ಕೊಂಡು, ಅದಕ್ಕೆಂದೇ ಗರಗಸ, ಅರಗಳನ್ನೂ ತಂದ ಮೇಲೆ ಲೆಕ್ಕ ಹಾಕಿದರೆ ಸಾಧಾರಣ ಅಂಗಡಿಯ ವಾದ್ಯಕ್ಕಿಂತ ಹೆಚ್ಚೇ ಆಗುವುದು. ಸಂಜೆಗಳ ಲೆಕ್ಕ ಬೇರೆ.

‘ನಾನೇ ಮಾಡಿದೆ’ ಎಂಬ ಮಾತನ್ನೂ ಇಲ್ಲಿಯೇ ತೂಗಿನೋಡಬೇಕು. ಇಂಗ್ಲೆಂಡಿನ ಬ್ರಯಾನ್ ಮೇ ಎಂಬ ಪ್ರಸಿದ್ಧ ವಾದಕನು ಹದಿನಾರು ವರ್ಷದ ಹುಡುಗನಾಗಿದ್ದಾಗ, ೧೯೬೩ರಲ್ಲಿ, ತಂದೆಯಾದ ಹೆರಾಲ್ಡನೊಡನೆ ಕೂಡಿ ಮನೆಯಲ್ಲಿ ಗಿಟಾರೊಂದನ್ನು ಮಾಡಲಾರಂಭಿಸಿದನು. ಮುಗಿಯುವುದಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. ಹಳೆಯ ಮನೆಯೊಂದರ ಅಗ್ಗಿಷ್ಟಿಕೆಯ ಮೇಲಿನ ಮರದ ಪಟ್ಟಿಯಿಂದ ಅದರ ದಂಡಿಯಾಯಿತು. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿಗಳನ್ನು ತುಂಬಿದರು. ಮೋಟಾರುಸೈಕಲಿನ ಸ್ಪ್ರಿಂಗುಗಳು ಕುದುರೆಯ ಯಂತ್ರಕ್ಕೂ, ತಾಯಿಯ ಹೊಲಿಗೆಪೆಟ್ಟಿಗೆಯ ಚಿಪ್ಪಿನ ಗುಂಡಿಗಳು ಮೆಟ್ಟಿಲಿನ ಗುರುತುಗಳಿಗೂ ಒದಗಿದವು. ಅವನು ಮುಂದೆ ಲೋಕಪ್ರಸಿದ್ಧನಾದ ಮೇಲೆಯೂ ಅದನ್ನೇ ನುಡಿಸಿದನು. ಸ್ವಂತ ಕೈಯ ವಾದ್ಯಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ. ಆದರೂ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವ ಸುರುಳಿಗಳನ್ನು ಮೊದಲು ತಾನೇ ಸುತ್ತಿ ನೋಡಿದ ಅವನು ಕೊನೆಗೆ ಅಂಗಡಿಯಿಂದಲೇ ತಂದು ಕೂಡಿಸಿದನು. ತಂತಿಯನ್ನಂತೂ ಮನೆಯಲ್ಲಿ ಎಳೆಯಲಾಗದು. ಹೀಗಾಗಿ, ತಾನೇ ಮಾಡಿದೆನೆನ್ನುವವನು ಗಣಿಯವನಿಂದ ಹಿಡಿದು ಅಂಚೆಯವನವರೆಗೆ ಎಷ್ಟೋ ಜನರ ಕೈಗಳನ್ನು ಒಂದೇ ಮಾತಿನಲ್ಲಿ ನುಂಗಿಬಿಡುವನು. ಅವನದೆಂದು ನಿಜವಾಗಿ ಹೇಳಬಹುದಾದುದು ಎರಡು ಮೂರು ಮಾತ್ರ: ಮರದ ಆಯ್ಕೆ, ಅಳತೆ, ಮುಗಿತಾಯ. ನಮ್ಮ ಪ್ರಶ್ನೆಯೂ ಈ ಮೂರರಲ್ಲಿಯೇ ಅಡಗಿದೆ.

ಮರವನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಇಲ್ಲಿಯ ಒಣಗಾಳಿಗೆ ಹಸಿಮರವು ತಡೆಯದು. ಎಳೆಗೆ ಅಡ್ಡಲಾಗಿ ಕುಗ್ಗುವುದು, ಉದ್ದಕ್ಕೆ ಕುಗ್ಗದು. ಆದ್ದರಿಂದ ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ಸರಿಯಾಗಿದ್ದ ದಂಡಿಯನ್ನು ಇಲ್ಲಿಗೆ ತಂದರೆ ಮರವು ಒಳಸರಿದು ಲೋಹದ ಮೆಟ್ಟಿಲುಗಳ ತುದಿಗಳು ಮುಳ್ಳಿನಂತೆ ಹೊರಚಾಚಿ ಅಂಗೈಯನ್ನು ಗೀರುವುವು. ಈ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ಕೆಡವಿ ಕಾಂಕ್ರೀಟಿನ ಮನೆಗಳನ್ನು ಕಟ್ಟುವಾಗ ತೊಲೆಗಳೂ ಬಾಗಿಲುವಾಡಗಳೂ ರಾಶಿ ಬೀಳುವುವು. ಅವು ಎರಡು ಮೂರು ತಲೆಮಾರಿನ ಬೇಸಿಗೆಗಳನ್ನು ಕಂಡು ಕುಗ್ಗುವಷ್ಟೂ ಕುಗ್ಗಿರುವ ಮರಗಳು. ಸೌದೆಯಾಗಿ ಹೋಗುವ ತೇಗದ ತುಂಡೊಂದನ್ನು ಉಳಿಸಿ ವಾದ್ಯಕ್ಕೆ ತಂದರೆ ಅದು ಉಪಯುಕ್ತವೂ ಹೌದು, ಸುಂದರವೂ ಹೌದು. ಮೊಳೆಯ ತೂತುಗಳಿದ್ದರೆ ಇರಲಿ.

ಅಳತೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ನಮ್ಮ ವೀಣೆಗೆ ಮೇಳ ಕಟ್ಟುವ ಕ್ರಮವನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ದಂಡಿಯ ಇಕ್ಕೆಲದಲ್ಲಿ ಜೇನುಮೇಣಕ್ಕೆ ಕಪ್ಪುಪುಡಿ ಬೆರೆಸಿದ ಏರಿಯನ್ನು ಕಟ್ಟಿ, ೨೪ ಮೆಟ್ಟಿಲುಗಳನ್ನು ಅದರ ಮೇಲೆ ಇಟ್ಟು, ತಂತಿ ಮೀಟಿ, ಕಿವಿಯಿಟ್ಟು, ಒಂದೊಂದನ್ನೂ ಕೂದಲೆಳೆಯಷ್ಟು ಸರಿಸಿ ಸ್ವರಸ್ಥಾನವನ್ನು ನಿಲ್ಲಿಸುವರು. ಕಾಲಾಂತರದಲ್ಲಿ ಮೇಣವು ಸಡಿಲವಾದರೆ ಮರಳಿ ಕಟ್ಟಬಹುದು. ಅಲ್ಲಿ ತಿದ್ದುಪಡಿಗೆ ಅವಕಾಶವುಂಟು. ಗಿಟಾರಿನಲ್ಲಿ ಹಾಗಿಲ್ಲ. ಮೆಟ್ಟಿಲಿಗೆ ಮರದಲ್ಲಿಯೇ ಗರಗಸದಿಂದ ಗೀರು ಕೊರೆದು ಲೋಹವನ್ನು ಬಡಿದು ಕೂಡಿಸುವರು. ಕೊರೆದ ಗೀರು ಕೊರೆದಂತೆಯೇ. ಆದಕಾರಣ ಕಿವಿಗಿಂತ ಮೊದಲು ಗಣಿತವು ಬರಬೇಕಾಗುವುದು.

ಬೇಸ್ ಗಿಟಾರಿನಲ್ಲಿ ಮೇರುವಿನಿಂದ ಕುದುರೆಯವರೆಗೆ ತಂತಿಯ ನಡೆಯು ಸಾಮಾನ್ಯವಾಗಿ ೩೪ ಅಂಗುಲ, ಎಂದರೆ ೮೬೪ ಮಿಲಿಮೀಟರು. ಸ್ಥಾಯಿಯನ್ನು ಹನ್ನೆರಡು ಸಮಪಾಲುಗಳಾಗಿ ಒಡೆಯಬೇಕಾದರೆ ಪ್ರತಿ ಮೆಟ್ಟಿಲಿನಲ್ಲಿಯೂ ಉಳಿದ ಉದ್ದವನ್ನು ೧೭.೮೧೭ರಿಂದ ಭಾಗಿಸಿ ಬಂದಷ್ಟನ್ನು ಬಿಡಬೇಕು. ಮೊದಲನೆಯ ಮೆಟ್ಟಿಲು ೪೮.೫ ಮಿಲಿಮೀಟರಿನಲ್ಲಿ ಬೀಳುವುದು. ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, ೪೩೨ರಲ್ಲಿ ಬೀಳುವುದು. ಜ್ಯೋತಿರ್ವಿಜ್ಞಾನಿಯಾದ ಗೆಲಿಲಿಯೋನ ತಂದೆ ವಿಂಚೆಂಜೋ ಗೆಲಿಲಿಯು ೧೫೮೧ರ ತನ್ನ ಸಂಗೀತಗ್ರಂಥದಲ್ಲಿ ಈ ಕೆಲಸಕ್ಕೆ ೧೮ನ್ನು ಭಾಜಕವಾಗಿ ಹೇಳಿದನು. ಲೆಕ್ಕಕ್ಕೆ ಸುಲಭ, ಕಿವಿಗೂ ಬಹುಮಟ್ಟಿಗೆ ಒಪ್ಪುವಂಥದು, ಬಹುಕಾಲ ಕುಶಲರು ಅದನ್ನೇ ಅನುಸರಿಸಿದರು. ೧೮ರಿಂದ ಭಾಗಿಸಿದರೆ ಮೊದಲನೆಯ ಮೆಟ್ಟಿಲು ೪೮ರಲ್ಲಿ ಬೀಳುವುದು. ವ್ಯತ್ಯಾಸವು ಅರ್ಧ ಮಿಲಿಮೀಟರು; ಪೆನ್ಸಿಲಿನ ಗೀರಿನಷ್ಟು. ಆದರೆ ಅದೇ ನಿಯಮವನ್ನು ಹಿಡಿದು ಹನ್ನೆರಡನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಕೊರತೆಯು ಮೂರು ಮಿಲಿಮೀಟರಿಗೆ ಬೆಳೆದಿರುವುದು.

ಈ ಕೆಲಸವನ್ನು ಬಲ್ಲವರು ಹೇಳುವ ಒಂದು ಕಟ್ಟಪ್ಪಣೆಯಿದೆ. ಎರಡನೆಯ ಮೆಟ್ಟಿಲನ್ನು ಮೊದಲನೆಯದರಿಂದ, ಮೂರನೆಯದನ್ನು ಎರಡನೆಯದರಿಂದ ಹೀಗೆ ಅಳೆಯುತ್ತ ಹೋಗಬಾರದು. ಪ್ರತಿಯೊಂದನ್ನೂ ಮೇರುವಿನಿಂದಲೇ ಅಳೆಯಬೇಕು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಅಳೆದರೆ ಒಂದೊಂದರ ಪುಟ್ಟ ತಪ್ಪೂ ಮುಂದಿನದರ ತಲೆಯ ಮೇಲೆ ಕುಳಿತು ಸಾಗುವುದು. ಮೇರುವಿನಿಂದ ಅಳೆದರೆ ಒಂದರ ತಪ್ಪು ಅದರಲ್ಲಿಯೇ ನಿಲ್ಲುವುದು. ಹೀಗೆ ಪ್ರತಿಸಲವೂ ಮೊದಲಿಗೆ ಹಿಂದಿರುಗುವುದು ಬೇಸರದ ಕೆಲಸ. ಮನೆಯಲ್ಲಿ ಒಬ್ಬನೇ ಕುಳಿತು ಮಾಡುವವನಿಗೆ, ಹಿಂದಿನ ಗೀರು ಹೇಗೂ ಸರಿಯಾಗಿದೆಯಲ್ಲ, ಅಲ್ಲಿಂದಲೇ ಅಳೆದರಾಯಿತು, ಎಂಬ ಯೋಚನೆಯು ಹದಿನೈದನೆಯ ಮೆಟ್ಟಿಲಿನ ಹೊತ್ತಿಗೆ ಬಂದೇ ಬರುವುದು. ಬೇಡವೆನ್ನಲು ಅಲ್ಲಿ ಮೇಸ್ತ್ರಿಯಿಲ್ಲ, ಕೊಳ್ಳುವವನಿಲ್ಲ. ಆ ಗಳಿಗೆಯಲ್ಲಿ ಅವನನ್ನು ಮೇರುವಿಗೆ ಹಿಂದಿರುಗಿಸುವುದು ಯಾವುದು?

ಭಯವೆಂದು ಕೆಲವರು ಹೇಳಬಹುದು. ಅಪಸ್ವರವು ತನ್ನ ಕಿವಿಗೇ ಬಡಿಯುವುದಲ್ಲವೆ? ಅದು ಮೆಟ್ಟಿಲಿನ ವಿಷಯದಲ್ಲಿ ಸಲ್ಲುವ ಉತ್ತರ. ಕಂಬಳಿಯವನ ಬೆನ್ನಿಗೆ ಗಾಳಿ ತಗಲುವಂತೆ ಇದು. ಆದರೆ ವಾದ್ಯದಲ್ಲಿ ಕಿವಿಗೂ ಕಣ್ಣಿಗೂ ಸಿಕ್ಕದ ಸ್ಥಳಗಳಿವೆ. ದಂಡಿಯನ್ನು ಒಡಲಿಗೆ ಕೂಡಿಸುವ ಗುಂಡಿಯ ತಳವು ಸಮವಾಗಿರಬೇಕು. ತಿರುಪುಮೊಳೆಗಳನ್ನು ಬಿಗಿದ ಮೇಲೆ ಅದನ್ನು ಯಾರೂ ಕಾಣರು. ತಳವು ಓರೆಯಾಗಿದ್ದರೆ ಸಂದಿಗೆ ಕಾಗದದ ಚೂರನ್ನು ತುರುಕಿ ಬಿಗಿದರೂ ವಾದ್ಯವು ನುಡಿಯುವುದು. ಬಹುಶಃ ಚೆನ್ನಾಗಿಯೇ ನುಡಿಯುವುದು. ವಿದ್ಯುತ್ತಿನ ತಂತಿಗಳನ್ನು ಅಡಗಿಸುವ ಹಿಂಬದಿಯ ಗೂಡಿನ ಗೋಡೆಗಳನ್ನು ಉಳಿಯಿಂದ ಕೆತ್ತಿದಂತೆಯೇ ಬಿಟ್ಟರೂ ಮುಚ್ಚಳವು ಎಲ್ಲವನ್ನೂ ಮುಚ್ಚುವುದು. ಇಲ್ಲಿ ಭಯಕ್ಕೆ ಕಾರಣವಿಲ್ಲ. ಅಪಸ್ವರದ ಶಿಕ್ಷೆಯಿಲ್ಲದ ಸ್ಥಳದಲ್ಲಿಯೇ ನಮ್ಮ ಪ್ರಶ್ನೆಯು ತನ್ನ ನಿಜರೂಪವನ್ನು ತೋರುವುದು.

ಈ ಸ್ಥಳಗಳಿಗೂ ಒಬ್ಬ ಸಾಕ್ಷಿಯುಂಟೆಂದು ಹೇಳಬಹುದಾದರೆ ಅದು ಕಾಲ. ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದಾಗ ದಂಡಿಯ ಮೇಲೆ ಬೀಳುವ ಸೆಳೆತವು ೭೫ ಕಿಲೋಗ್ರಾಮಿಗೆ ಸಮೀಪವಾಗಿರುವುದು. ಮುಕ್ಕಾಲು ಕ್ವಿಂಟಾಲು ಶೇಂಗಾದ ಮೂಟೆಯನ್ನು ಹಗಲಿರುಳು ನೇತುಹಾಕಿದಂತೆ. ಅಂಟಿನಲ್ಲಿ ಉಳಿದ ಗಾಳಿಯೂ, ತಳದ ಓರೆಯೂ ಮೊದಲ ದಿನ ಸುಮ್ಮನಿದ್ದು ಎರಡನೆಯ ಮಳೆಗಾಲದಲ್ಲಿಯೋ ಮೂರನೆಯದರಲ್ಲಿಯೋ ಬಾಯಿಬಿಡುವುವು. ಆದರೆ ನಾವು ಈ ವಾದವನ್ನು ಬಹಳ ದೂರ ಎಳೆಯಲೊಲ್ಲೆವು. ಎಲ್ಲ ಒರಟುತನಕ್ಕೂ ಕಾಲವು ದಂಡವಿಧಿಸುವುದೆಂಬುದು ಸುಳ್ಳು. ಗೂಡಿನ ಗೋಡೆಯ ಒರಟು ಗುರುತುಗಳು ನೂರು ವರ್ಷವಾದರೂ ಯಾರಿಗೂ ಏನೂ ಮಾಡವು. ಅದನ್ನು ನಯಮಾಡುವವನು ಲಾಭಕ್ಕಾಗಿ ಮಾಡುವುದಿಲ್ಲ, ಭಯಕ್ಕಾಗಿಯೂ ಮಾಡುವುದಿಲ್ಲ.

ಮುಗಿತಾಯಕ್ಕೆ ಬಂದರೆ ಮೆರುಗಿನ ಸ್ವಭಾವವನ್ನು ಕುರಿತು ಜನರಲ್ಲಿ ಒಂದು ತಪ್ಪು ತಿಳಿವಳಿಕೆಯಿರುವುದು ಕಾಣುತ್ತದೆ. ಮೆರುಗೆಂದರೆ ದೋಷವನ್ನು ಮುಚ್ಚುವ ಉಪಾಯವೆಂದು ಭಾವಿಸಿ, ‘ಒಳಗೆ ಹುಳುಕು, ಮೇಲೆ ಥಳಕು’ ಎಂದು ಹಳಿಯುವರು. ಬಣ್ಣದ ಮಟ್ಟಿಗೆ ಆ ಮಾತು ನಿಜ. ಮರದ ಎಳೆಗಳನ್ನು ಕಾಣಿಸುವ ಎಣ್ಣೆ ಅಥವಾ ಅರಗಿನ ಮೆರುಗಿಗೆ ಸಲ್ಲದು. ಅದರ ನಡತೆ ತದ್ವಿರುದ್ಧ. ಉಪ್ಪುಕಾಗದವನ್ನು ೮೦ನೆಯ ನಂಬರಿನಿಂದ ಮೊದಲುಮಾಡಿ ೧೨೦, ೧೮೦, ೨೨೦, ೩೨೦ ಎಂದು ನಯಕ್ಕೆ ಏರುತ್ತ ಹೋಗಬೇಕು. ನಡುವೆ ಒಂದನ್ನು ಹಾರಿಸಿದರೆ ಒರಟು ಕಾಗದದ ಗೀರುಗಳು ಉಳಿಯುವುವು. ನಯವಾದ ಕಾಗದವು ಅವನ್ನು ತೆಗೆಯಲಾರದು, ಅವುಗಳ ಸುತ್ತಲಿನ ನೆಲವನ್ನು ಮಾತ್ರ ಹೊಳೆಯಿಸುವುದು. ಒಣಮರದ ಮೇಲೆ ಅವು ಕಣ್ಣಿಗೆ ಬೀಳವು. ಮೊದಲ ಕೈ ಎಣ್ಣೆ ಬಿದ್ದೊಡನೆ ಒಂದೊಂದೂ ಬೆಳ್ಳಿಯ ಎಳೆಯಂತೆ ಎದ್ದು ನಿಲ್ಲುವುದು. ಆಗ ಎಲ್ಲವನ್ನೂ ಮೊದಲಿನಿಂದ ಉಜ್ಜದೆ ಬೇರೆ ದಾರಿಯಿಲ್ಲ. ಒದ್ದೆಬಟ್ಟೆಯಿಂದ ಒರಸಿ ಎಳೆಯನ್ನು ಎಬ್ಬಿಸಿ, ಒಣಗಿಸಿ, ಮತ್ತೆ ಉಜ್ಜಿ ನೋಡುವ ಕ್ರಮವು ಇದಕ್ಕಾಗಿಯೇ ಇರುವುದು.

ಎಣ್ಣೆಯ ಮಾತು ಬಂದುದರಿಂದ ಒಂದು ಸ್ಥಳೀಯ ವಿಶೇಷವನ್ನು ಹೇಳಬಹುದು. ಚಳ್ಳಕೆರೆಯು ಎಣ್ಣೆಗಿರಣಿಗಳ ಊರು. ಶೇಂಗಾ ಎಣ್ಣೆಯ ವ್ಯಾಪಾರದಿಂದ ಹೆಸರಾದ ಪಟ್ಟಣ. ಎಣ್ಣೆಯ ಊರಿನಲ್ಲಿ ಕುಳಿತು ಎಣ್ಣೆಗಾಗಿ ಹೊರಗೆ ಕೈಚಾಚುವುದೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಶೇಂಗಾ ಎಣ್ಣೆಯು ಮರದ ಮೇಲೆ ಎಂದಿಗೂ ಒಣಗದು. ಅಂಟಂಟಾಗಿ ಉಳಿದು ಧೂಳನ್ನು ಹಿಡಿದು ಕೊನೆಗೆ ಕಮಟುವಾಸನೆ ಕೊಡುವುದು. ಅಗಸೆಯ ಎಣ್ಣೆಯು ಹಾಗಲ್ಲ. ಅದು ಆರಿಹೋಗುವುದೂ ಅಲ್ಲ; ಗಾಳಿಯ ಆಮ್ಲಜನಕದೊಡನೆ ಕೂಡಿ ತಾನೇ ಗಟ್ಟಿಯಾದ ಪದರವಾಗುವುದು. ತೆಳುವಾಗಿ ಬಳಿದು, ಉಳಿದುದನ್ನು ಒರಸಿ ತೆಗೆದು, ದಿನಗಟ್ಟಲೆ ಕಾದು, ಮತ್ತೆ ಬಳಿಯಬೇಕು. (ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು, ಬಿಡಿಸಿ ಹರವಿ ಒಣಗಿಸಬೇಕೆಂಬುದನ್ನು ಈ ಕೆಲಸಕ್ಕೆ ಕೈಹಾಕುವವರು ಮರೆಯಬಾರದು.) ಅಡುಗೆಗೆ ಯೋಗ್ಯವಾದುದು ಮೆರುಗಿಗೆ ಯೋಗ್ಯವಲ್ಲವೆಂಬುದರಿಂದ ಶೇಂಗಾ ಎಣ್ಣೆಗೆ ಕುಂದೇನೂ ಇಲ್ಲ.

ಅಮೆರಿಕೆಯ ದೊಡ್ಡ ಕಾರ್ಖಾನೆಗಳು ೧೯೯೦ರ ದಶಕದಿಂದೀಚೆಗೆ ಇನ್ನೊಂದು ಬಗೆಯ ಮುಗಿತಾಯವನ್ನು ಮಾರುತ್ತಿವೆ. ಹೊಸ ವಾದ್ಯವನ್ನು ಬೇಕೆಂದೇ ಉಜ್ಜಿ, ಮೆರುಗನ್ನು ಅಲ್ಲಲ್ಲಿ ಕಿತ್ತು, ಲೋಹಕ್ಕೆ ಕಿಲುಬು ತರಿಸಿ, ನಲವತ್ತು ವರ್ಷ ನುಡಿಸಿದಂತೆ ತೋರುವ ಹಾಗೆ ಮಾಡಿ ಹೆಚ್ಚಿನ ಬೆಲೆಗೆ ಕೊಡುವರು. ಕೊಳ್ಳುವವನಿಗೆ ಅದು ಕೃತಕವೆಂದು ತಿಳಿದಿರುವುದರಿಂದ ಇದನ್ನು ಮೋಸವೆನ್ನಲಾಗದು. ಆದರೂ ತಾನು ಪಡದ ಶ್ರಮದ ಗುರುತನ್ನು ಹಣಕೊಟ್ಟು ಮೈಮೇಲೆ ಹಾಕಿಕೊಳ್ಳುವುದು ನಮಗೆ ಸೊಗಸಾಗಿ ಕಾಣುವುದಿಲ್ಲ. ಮಾಳಿಗೆಯ ತೊಲೆಯ ಮೊಳೆತೂತು ಬೇರೆ. ಡ್ರಿಲ್ಲಿನಿಂದ ಕೊರೆದ ಮೊಳೆತೂತು ಬೇರೆ.

ಇನ್ನು ಮಿತ್ರರ ಆಕ್ಷೇಪಣೆಗೆ ಉತ್ತರವು ಉಳಿದಿದೆ. ತಾನೇ ಮಾಡಿಕೊಂಡರೆ ಯಾರಿಗೆ ಏನು ಬಂತು? ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ನುಡಿಯು ಈ ಸೀಮೆಯಲ್ಲಿ ಮಕ್ಕಳ ಬಾಯಲ್ಲಿಯೂ ಇದೆ. ದುಡಿದಷ್ಟಕ್ಕೆ ತಕ್ಕ ಪ್ರತಿಫಲವೆಂದು ಜನರು ಅದನ್ನು ಅರ್ಥಮಾಡುವರು. ತನಗಾಗಿ ದುಡಿದವನಿಗೆ ನೀಡುವವರು ಯಾರೂ ಇಲ್ಲ. ಅವನ ಭಿಕ್ಷೆಯು ಆ ವಾದ್ಯದ ನಾದವೇ. ಇಷ್ಟಕ್ಕೇ ನಿಲ್ಲುವುದಾದರೆ ಮಿತ್ರರು ಗೆದ್ದಂತೆಯೇ. ನಾದವನ್ನು ಅಂಗಡಿಯ ವಾದ್ಯವೂ ಕೊಡುವುದು. ಮೇಲಾಗಿ, ನೇಕಾರನ ಮುಂದೆ ಈ ಯುವಕನನ್ನು ನಿಲ್ಲಿಸಿದರೆ ನೇಕಾರನೇ ದೊಡ್ಡವನಾಗಿ ಕಾಣುವನೆಂದು ಒಪ್ಪಬೇಕು. ತಾನು ಉಡದ, ಉಡುವವರನ್ನು ಕಾಣದ ಸೀರೆಯ ಒಳಮೈಯನ್ನೂ ಅವನು ಹೊರಮೈಯಂತೆಯೇ ಹಸನಾಗಿ ಇಡುವನು. ತನ್ನ ಕೈ, ತನ್ನ ಕಿವಿ, ತನ್ನ ಸಂತೋಷವೆಂದು ದುಡಿಯುವವನಿಗೆ ದುಡಿಮೆಯೇ ಅರ್ಧ ಕೂಲಿ. ಕುಣಿಯ ಮಗ್ಗದವನಿಗೆ ಆ ಅರ್ಧವೂ ಇಲ್ಲ.

ಆದರೆ ಮಿತ್ರರು ಒಂದು ಸಂಗತಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೊಳಕಾಲ್ಮೂರಿಗೆ ಬಂದು ಸೀರೆಯನ್ನು ಮಡಿಲಿನಲ್ಲಿ ಹರಡಿಕೊಂಡು, “ಇಷ್ಟಕ್ಕೆ ಇಷ್ಟೇಕೆ? ಪಕ್ಕದಂಗಡಿಯಲ್ಲಿ ಇಂಥದೇ ಅರ್ಧಕ್ಕೆ ಸಿಗುವುದು” ಎಂದು ಕೇಳುವವರನ್ನು ನಾವೆಲ್ಲ ಕಂಡಿದ್ದೇವೆ. ಪಕ್ಕದಂಗಡಿಯದು ವಿದ್ಯುನ್ಮಗ್ಗದ್ದೆಂಬುದನ್ನು ತಿಳಿಸಿದರೂ ಅವರ ಮುಖ ಬದಲಾಗದು. ಏಕೆಂದರೆ ಎರಡರ ವ್ಯತ್ಯಾಸವು ಅವರ ಬೆರಳಿಗೆ ಗೊತ್ತಿಲ್ಲ. 'ಕೂಲಿ’ ಎಂಬುದು ಅವರಿಗೆ ಬೆಲೆಪಟ್ಟಿಯ ಒಂದು ಸಾಲು. ಒಂದು ದಂಡಿಯ ಬೆನ್ನನ್ನು ಉಂಡೆಯಾಗಿ ತರುವುದಕ್ಕೆ ನಲವತ್ತು ಸಂಜೆಗಳನ್ನು ಕಳೆದವನಿಗೆ, ೩೨೦ನೆಯ ಕಾಗದದ ತನಕ ಬಂದು ಮರಳಿ ೮೦ಕ್ಕೆ ಇಳಿದವನಿಗೆ, ಆ ಪ್ರಶ್ನೆಯು ನಾಲಗೆಯ ಮೇಲೆ ಬರುವುದು ಕಷ್ಟ. ಅವನು ಅಂಚಿನ ಕೂಡಿಕೆಯನ್ನು ತಿರುಗಿಸಿ ನೋಡಿ, ಅಲ್ಲಿ ಮೇರುವಿಗೆ ಎಷ್ಟು ಸಲ ಹಿಂದಿರುಗಿರುವರೆಂದು ಎಣಿಸಿಕೊಳ್ಳುವನು. ಬಡಗಿಯು ಎರಡು ದಿನ ಹೆಚ್ಚು ಕೇಳಿದರೆ ಏಕೆಂದು ಕೇಳದೆ ಕೊಡುವನು. ಎಲ್ಲರೂ ಹೀಗಾಗುವರೆಂದು ನಾವು ಹೇಳೆವು. ತನ್ನ ಕೈಕೆಲಸದ ಜಂಬದಿಂದ ಬಡಗಿಗೇ ಬುದ್ಧಿಹೇಳಲು ಹೋಗುವವರೂ ಉಂಟು. ಅಂಥವರನ್ನು ಬಿಟ್ಟು ಹೇಳುವುದಾದರೆ, ಊರಿನ ಕುಶಲರಿಗೆ ಅನ್ನ ತಪ್ಪಿಸುವವನು ಹಿತ್ತಲಿನಲ್ಲಿ ಕುಳಿತು ಮರ ಉಜ್ಜುವವನಲ್ಲ. ಏನನ್ನೂ ಮಾಡದೆ ಎಲ್ಲಕ್ಕೂ ಚೌಕಾಶಿ ಮಾಡುವವನೇ.

ಕೊನೆಗೆ ಹೆಸರು ಬರೆಯುವ ವಿಷಯ. ವಾದ್ಯವು ಮುಗಿದ ಮೇಲೆ ಎಲ್ಲಿಯಾದರೂ ತನ್ನ ಹೆಸರನ್ನು ಹಾಕಬೇಕೆಂಬ ಆಸೆ ಯಾರಿಗೂ ಹುಟ್ಟುವುದು. ತಲೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಕಂಪನಿಗಳು ಹಾಕುವ ಸ್ಥಳದಲ್ಲಿಯೇ ಹಾಕಿಕೊಳ್ಳುವವರುಂಟು. ಇದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳೇ ಬಹಳ ಹಳೆಯದಾದ ಬೇರೊಂದು ಮೇಲ್ಪಂಕ್ತಿಯನ್ನು ಇಟ್ಟಿವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಈ ಮೂರು ಕಡೆಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದರು. ಮಾತು ಅರಸನದು, ಲಿಪಿಯು ಬ್ರಾಹ್ಮಿ. ಕೊನೆಯಲ್ಲಿ ಮಾತ್ರ, ಇದನ್ನು ಬರೆದವನು ಚಪಡನೆಂದು ಬರೆದವನೇ ತನ್ನ ಹೆಸರನ್ನು ಸೇರಿಸಿದ್ದಾನೆ. ಸೇರಿಸಿ, ತನ್ನ ಕಸುಬನ್ನು ಹೇಳುವ ‘ಲಿಪಿಕಾರ’ ಎಂಬ ಮಾತನ್ನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ವಾಯವ್ಯ ದಿಕ್ಕಿನ ಗಾಂಧಾರದ ಕಡೆಯ ಲಿಪಿ. ಈ ಬಂಡೆಗಳ ಸುತ್ತಲಿದ್ದ ಜನರಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಒಬ್ಬರೂ ಇರಲಿಲ್ಲವೆಂದರೂ ಆಶ್ಚರ್ಯವಿಲ್ಲ. ಮೆಚ್ಚಲಿ ಎಂದು ಅವನು ಬರೆದಂತೆ ತೋರುವುದಿಲ್ಲ. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಗಾಳಿಯೂ ಕುರಿಮಂದೆಯೂ ಅಲೆದಾಡಿದ ಆ ಬಂಡೆಯ ಮೇಲೆ ಆ ಪದವು ಓದುವವರಿಗಾಗಿ ಕಾದಿತ್ತು.

ದಂಡಿಯನ್ನು ಒಡಲಿಗೆ ಕೂಡಿಸುವ ಗುಂಡಿಯ ತಳದಲ್ಲಿ, ತಿರುಪುಮೊಳೆ ಬಿಗಿಯುವುದಕ್ಕೆ ಮೊದಲು, ಹೆಸರನ್ನೂ ವರ್ಷವನ್ನೂ ಮರವು ಬಂದ ಮನೆಯನ್ನೂ ಸೀಸದ ಕಡ್ಡಿಯಿಂದ ಬರೆದಿಡುವ ಪದ್ಧತಿಯು ಈ ಕೆಲಸದವರಲ್ಲಿ ಉಂಟು. ತನಗಾಗಿಯೇ ಮಾಡಿದ ವಾದ್ಯವು ಮಾಡಿದವನಿಗಿಂತ ಹೆಚ್ಚು ಕಾಲ ಬಾಳಬಹುದು. ಮಗನಿಗೆ ಹೋಗಬಹುದು, ಕಷ್ಟಕಾಲದಲ್ಲಿ ಮಾರಿಹೋಗಬಹುದು, ಬಳ್ಳಾರಿಯ ಕಡೆಯ ಯಾವುದೋ ಆರ್ಕೆಸ್ಟ್ರಾದವನ ಕೈಸೇರಬಹುದು. ಮೂವತ್ತು ವರ್ಷಗಳ ಮೇಲೆ ಮೆಟ್ಟಿಲುಗಳು ಸವೆದು ಯಾವನೋ ಒಬ್ಬ ರಿಪೇರಿಯವನು ಮೊಳೆಗಳನ್ನು ಸಡಿಲಿಸಿ ದಂಡಿಯನ್ನು ಎತ್ತುವನು. ಅವನು ಮೊದಲು ನೋಡುವುದು ಆ ತಳವು ಸಮವಾಗಿದೆಯೇ, ಕಾಗದದ ಚೂರು ಇದೆಯೇ ಎಂಬುದನ್ನು. ಹೆಸರನ್ನು ಓದುವುದು ಅನಂತರ.